ಕೂರದೆ ಹೊರಟ ಅಣ್ಣಾಸಾಹೇಬರು

ಅಣ್ಣಾಸಾಹೇಬರು ಸಮಾಧಾನವಾಗಿ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಅವರು ನಮ್ಮ ಪಕ್ಕದ ಮನೆಗೆ ಬಂದು ಆರು ವರ್ಷವಾಯಿತು. ಟೀ ನಿಂತೇ, ಅವಲಕ್ಕಿ ನಿಂತೇ, ಟಿವಿಯಲ್ಲಿ ಸುದ್ದಿ ನೋಡುವುದೂ ಸೋಫಾದ ಹಿಂದೆ ನಿಂತೇ. "ಕೂತ್ಕೊಳ್ಳಿ ಅಂಕಲ್" ಎಂದರೆ "ಹೊಂಟೇ ಬಿಟ್ನೆವ್ವಾ" ಎನ್ನುತ್ತಾರೆ. ಹೊರಡುವುದು ಮಾತ್ರ ಎರಡು ಗಂಟೆಯ ನಂತರ. ಇಂಥವರನ್ನು ಕಂಡರೆ ನನಗೆ ತಲೆ ಕೆಡುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಇಟ್ಟದ್ದು ಇಟ್ಟಲ್ಲೇ ಇರಬೇಕು, ಕೂತವರು ಕೂತಲ್ಲೇ ಇರಬೇಕು.

2020ರ ಏಪ್ರಿಲ್‌ನಲ್ಲಿ ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸಿನಲ್ಲಿದ್ದ ನಮ್ಮ ಲ್ಯಾಬಿಗೆ ಬೀಗ ಬಿತ್ತು. ಒಂದು ಸಂಜೆ ಬೇಲಿಯ ಆಚೆಯಿಂದ ಅವರ ಹೆಂಡತಿ ಶಾಮಲಾ ಆಂಟಿ ಕೂಗಿದರು.

"ಪ್ರಣತೀ, ಇವರನ್ನ ಒಂದೀಟು ಹೊರಗ ಕರಕೊಂಡು ಹೋಗವಾ, ಪುಣ್ಯಾ ಬರ್ತದ. ಮನ್ಯಾಗ ತಿರುಗಿ ತಿರುಗಿ ಕಾರ್ಪೆಟ್ ಸವಸಾಕ ಹತ್ಯಾರ."

ಹಾಗೆ ನಮ್ಮ ವಾಕಿಂಗ್ ಶುರುವಾಯಿತು. ಮಾಸ್ಕ್ ಹಾಕಿಕೊಂಡು, ಆರು ಅಡಿ ದೂರ ಇಟ್ಟುಕೊಂಡು, ಡೆಲ್ ಮಾರ್‌ನಲ್ಲಿ ಸಮುದ್ರದ ಪಕ್ಕದ ದಿಬ್ಬದ ಮೇಲಿನ ದಾರಿಯವರೆಗೆ. ಅಲ್ಲಿ ಕೆಳಗೆ ದಂಡೆಯ ಅಂಚಿನಲ್ಲೇ ರೈಲು ಹಳಿ ಹಾದುಹೋಗುತ್ತದೆ. ಜನ ಸೂರ್ಯಾಸ್ತ ನೋಡಲು ನಿಂತರೆ ಇವರು ಸೂರ್ಯನ ಕಡೆ ನೋಡದೆ ರೈಲಿಗೆ ಕಾಯುತ್ತಿದ್ದರು. ರೈಲು ಬಂದಾಗ ಕಣ್ಣು ಮುಚ್ಚಿ ಕೇಳಿಸಿಕೊಂಡು, ಅದು ಹೋದ ಮೇಲೆ ತೀರ್ಪು ಕೊಡುತ್ತಿದ್ದರು: "ಮೂರನೇ ಡಬ್ಬಿದು ಒಂದು ಗಾಲಿ ಸವದದ."

ಅವರ ಎರಡೂ ಕೈಯಲ್ಲಿ ಒಂದೊಂದು ವಾಚು. ಎಡಗೈಯದು ಸ್ಯಾನ್ ಡಿಯಾಗೋ ಸಮಯ. ಬಲಗೈಯದು ಯಾವ ಊರಿನದು ಎಂದು ಕೇಳಿದ್ದೇ ನನ್ನ ತಪ್ಪು. ಮುಂದಿನ ಒಂದು ವರ್ಷ ಅವರು ನನ್ನ ತಲೆ ತಿಂದರು. ಆದರೆ ಈಗ ಯೋಚಿಸಿದರೆ, ಆ ವರ್ಷ ನಾನು ಹುಚ್ಚಿಯಾಗದೆ ಉಳಿದದ್ದು ಆ ಕಥೆಯಿಂದಲೇ.

ಅವರ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಗನಿಗೆ ಸೋವಿಯತ್ ಸ್ಕಾಲರ್‌ಶಿಪ್ ಸಿಕ್ಕಿ, ರೈಲ್ವೆ ಇಂಜಿನಿಯರಿಂಗ್ ಓದಲು ಹೋದ. 1986ರಲ್ಲಿ ಕಾಲೇಜಿನವರು ಅವನನ್ನು ಎರಡು ವರ್ಷದ ತರಬೇತಿಗೆ ಸೈಬೀರಿಯಾದ ವೆರ್ಬೋವ್ಕಾ ಎಂಬ ಪುಟ್ಟ ಊರಿಗೆ ಕಳಿಸಿದರು.

ಅದು ರೈಲು ಹುಟ್ಟಿಸಿದ ಊರು. ಝಾರ್ ದೊರೆಗಳ ಕಾಲದಲ್ಲಿ ಹಳಿ ಹಾಕುತ್ತ ಬಂದವರಿಗೆ, ಇಂಜಿನ್ನಿಗೆ ನೀರು ಕುಡಿಸಲು ಅಲ್ಲೊಂದು ಹೊಳೆ ಸಿಕ್ಕಿತು. ನೀರಿನ ಟ್ಯಾಂಕ್ ಕಟ್ಟಿದರು, ಆಮೇಲೆ ಇಂಜಿನ್ ರಿಪೇರಿಗೆ ಲೋಕೋ ಶೆಡ್, ಆಮೇಲೆ ಹಳಿಯ ಕೆಳಗೆ ಹಾಕುವ ಹಳೇ ಮರದ ಸ್ಲೀಪರುಗಳನ್ನೇ ಅಡ್ಡಡ್ಡ ಜೋಡಿಸಿ ಮನೆಗಳು. ಬಿಸಿಲು ಬಿದ್ದರೆ ಇಡೀ ಊರು ಡಾಂಬರಿನ ವಾಸನೆ ಹೊಡೆಯುತ್ತಿತ್ತಂತೆ. ಶೆಡ್ಡಿನ ಸೈರನ್ನಿಗೆ ಎಲ್ಲರೂ ಏಳಬೇಕು, ಸೈರನ್ನಿಗೇ ಊಟ. ಯುದ್ಧದಲ್ಲಿ ಗಂಡಸರೆಲ್ಲ ಹೋದಾಗ ಹೆಂಗಸರು ಸುತ್ತಿಗೆ ಹಿಡಿದು ಶೆಡ್ಡು ನಡೆಸಿದರು. ಗಾಯಾಳುಗಳ ರೈಲು ಬಂದರೆ ಶಾಲೆಯ ಬೆಂಚುಗಳೇ ಮಂಚ. ಆಮೇಲೆ ಲೈನಿಗೆ ಕರೆಂಟು ಬಂತು. ಇಂಜಿನ್ನಿಗೆ ನೀರು ಬೇಡವಾಯಿತು. ಎಕ್ಸ್‌ಪ್ರೆಸ್ ರೈಲುಗಳು ಎರಡೇ ನಿಮಿಷ ನಿಲ್ಲತೊಡಗಿದವು.

"ನೋಡು, ಇಲ್ಲೂ ಹಂಗ" ಎಂದು ಅವರು ಡೆಲ್ ಮಾರ್‌ನ ಹಳೇ ಸ್ಟೇಷನ್ ತೋರಿಸಿದರು. ಅಲ್ಲೂ ಈಗ ರೈಲು ನಿಲ್ಲುವುದಿಲ್ಲ. "ಆದ್ರ ಇಲ್ಲಿ ಸಮುದ್ರ ಅದ, ಊರು ಉಳೀತು. ಅಲ್ಲಿ ಬರೇ ರೈಲ ಇತ್ತು."

ಅವರು ಬಾಡಿಗೆಗಿದ್ದದ್ದು ಜೋಯಾ ಸ್ಟೆಪಾನೊವ್ನಾ ಎಂಬಾಕೆಯ ಮನೆಯಲ್ಲಿ. ರೈಲು ನಿಂತಾಗ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಗಾಲಿಗೆ ಬಡಿದು, ಸದ್ದು ಕೇಳಿ, ಬಿರುಕು ಬಿಟ್ಟಿದೆಯೇ ಎಂದು ಹೇಳುವುದು ಆಕೆಯ ಕೆಲಸ. ಒಬ್ಬನೇ ಮಗ ಸೈನ್ಯದಲ್ಲಿ ಸತ್ತಿದ್ದ. ಇದ್ದಿದ್ದರೆ ಅಣ್ಣಾಸಾಹೇಬರದೇ ವಯಸ್ಸು. ಆಕೆ ಇವರಿಗೆ ಗಾಲಿಯ ಸದ್ದು ಕೇಳುವುದನ್ನು ಕಲಿಸಿದಳು, ಜ್ವರ ಬಂದಾಗ ಎದೆಗೆ ಸಾಸಿವೆ ಪಟ್ಟಿ ಹಾಕಿದಳು, "ಮಗಾ" ಎಂದು ಕರೆದಳು.

1988ರ ಮಾರ್ಚ್. ಊರು ಬಿಡುವ ಹಿಂದಿನ ಸಂಜೆ ಆಕೆ ಸತ್ತ ಮಗನ ಉಣ್ಣೆಯ ಓವರ್‌ಕೋಟು ತಂದು ಕೊಟ್ಟಳು. ಇಪ್ಪತ್ತೈದರ ಹುಡುಗ, ಸೂಟ್‌ಕೇಸು ಆಗಲೇ ಮುಚ್ಚುತ್ತಿರಲಿಲ್ಲ. "ಹುಬ್ಬಳ್ಳಿಯಲ್ಲಿ ಇದನ್ನಿಟ್ಟುಕೊಂಡು ಏನು ಮಾಡಲಿ?" ಎಂದುಬಿಟ್ಟ. ಆಕೆ ಕೋಟನ್ನು ಮಡಿಸಿಕೊಂಡಳು. ಆಮೇಲೆ, "ಮಗಳ ಮನೆಗೆ ಹೋಗುತ್ತೇನೆ, ಅಲ್ಲಿ ಒಲೆ ದೊಡ್ಡದು. ನಿನ್ನ ರೈಲು ಎಷ್ಟಕ್ಕೆ?" ಎಂದು ಕೇಳಿದಳು. "ಬೆಳಿಗ್ಗೆ ಆರಕ್ಕೆ." "ಸ್ಟೇಷನ್ನಿಗೆ ಬರುತ್ತೇನೆ. ಕೂರದೆ ಹೊರಡಬೇಡ."

ಅದು ಅಲ್ಲಿಯ ಪದ್ಧತಿ. ಯಾರಾದರೂ ದೂರ ಹೊರಟರೆ, ಹೋಗುವವರು ಕಳಿಸುವವರು ಎಲ್ಲರೂ ಒಂದು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ ಎದ್ದು ಹೊರಡಬೇಕು.

ಬೆಳಿಗ್ಗೆ ಆಕೆ ಬರಲಿಲ್ಲ. ಇವರನ್ನು ಶೆಡ್ಡಿನವರು ಒಂದು ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಕಳಿಸುವ ಏರ್ಪಾಡು ಮಾಡಿದ್ದರು. ಗಾರ್ಡ್ ಬೈದು ಹತ್ತಿಸಿಕೊಳ್ಳುವವರೆಗೂ ಇವರು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಾಡಿದರು. ಕೂರಲೇ ಇಲ್ಲ.

"ಕೋಟು ಬ್ಯಾಡ ಅಂದೆ, ಆಕಿ ಮನಸ್ಸು ಮುರೀತು" ಎಂದು ಅಣ್ಣಾಸಾಹೇಬರು ಹಳಿಯ ಕಡೆ ನೋಡುತ್ತ ಹೇಳಿದರು. "ಸತ್ತ ಮಗನ ಕೋಟು, ಪ್ರಣತಿ. ಯಾವ ಮಾರಿ ಹೊತಗೊಂಡು ಕಾಗದ ಬರೀಲಿ? ಒಂದೂ ಬರೀಲಿಲ್ಲ."

ನನಗೆ ಸಿಟ್ಟೇ ಬಂತು. ಮೂವತ್ತೆರಡು ವರ್ಷ ಎರಡು ವಾಚು ಕಟ್ಟಿಕೊಂಡು ತಿರುಗುವ ಬದಲು ಒಂದು ಕಾಗದ ಬರೆಯಬಹುದಿತ್ತಲ್ಲ ಎಂದೆ. ಆಕೆಗೆ ಈಗ ಎಂಬತ್ತಾರೋ ಎಂಬತ್ತೇಳೋ. ಈ ರೋಗದ ಕಾಲದಲ್ಲಿ ಬದುಕಿದ್ದಾಳೋ ಇಲ್ಲವೋ. ಕ್ಷಮೆ ಕೇಳುವುದಿದ್ದರೆ ಈಗಲೇ ಕೇಳಿ ಎಂದೆ. ಮರುದಿನ ಅವರು ವಾಕಿಂಗಿಗೆ ಬರಲಿಲ್ಲ. ಮನೆಯೊಳಗೆ ಅವರ ಹೆಜ್ಜೆ ಸದ್ದು ಮಾತ್ರ ಕೇಳುತ್ತಿತ್ತು.

2021ರ ಫೆಬ್ರವರಿಯಲ್ಲಿ ಅವರೇ ಬಂದು ಬಾಗಿಲು ಬಡಿದರು. ಲಾಸ್ ಏಂಜಲೀಸ್‌ನಲ್ಲಿ ರಷ್ಯನ್ನರ ಅಂಗಡಿಯೊಂದಿದೆ, ಡ್ರೈವ್ ಮಾಡುತ್ತೀಯಾ ಎಂದರು. ಎರಡೂವರೆ ಗಂಟೆಯ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಸೀಟ್ ಬೆಲ್ಟ್ ಬಿಚ್ಚುವುದು, ಹಾಕುವುದು, ಕಿಟಕಿ ಇಳಿಸುವುದು, ಏರಿಸುವುದು. ಅರ್ಧ ದಾರಿಯಲ್ಲಿ ನನ್ನ ಪಿತ್ತ ನೆತ್ತಿಗೇರಿ, "ಅಂಕಲ್, ಇನ್ನೊಂದ್ಸಲ ಆ ಬಟನ್ ಮುಟ್ಟಿದ್ರೆ ಇಲ್ಲೇ ಇಳಿಸಿಬಿಡ್ತೀನಿ" ಎಂದೆ. ಪಾಪ, ಕೈ ಕಟ್ಟಿಕೊಂಡರು. ಆಮೇಲೆ ಕಾಲು ಕುಣಿಸತೊಡಗಿದರು.

ಅಂಗಡಿಯಾಕೆ ಕಪ್ಪು ಬ್ರೆಡ್ಡು ಕಟ್ಟಿಕೊಡುತ್ತ ಇವರ ಹಳೇ ರಷ್ಯನ್ ಕೇಳಿ ನಕ್ಕಳು. ಊರಿನ ಹೆಸರು ಕೇಳಿದ ಮೇಲೆ ನಗು ನಿಲ್ಲಿಸಿ ಇವರ ಫೋನು ಇಸಿದುಕೊಂಡಳು. ಅಲ್ಲಿಯ ಸಣ್ಣ ಊರುಗಳಿಗೆಲ್ಲ ಇಂಟರ್ನೆಟ್ಟಿನಲ್ಲಿ ಒಂದೊಂದು ಗ್ರೂಪ್ ಇರುತ್ತದಂತೆ. ವೆರ್ಬೋವ್ಕಾ ಶೆಡ್ಡಿನ ಹಳಬರದ್ದೂ ಒಂದಿತ್ತು; ಜೋಯಾಳನ್ನು ಬಲ್ಲವರಿದ್ದೀರಾ ಎಂದು ಆಕೆ ಅದರಲ್ಲಿ ಬರೆದು ಹಾಕಿದಳು. ಬರುವ ದಾರಿಯಲ್ಲಿ ಅಂಕಲ್ ಅದರ ಫೋಟೋಗಳನ್ನು ನೋಡಿ ಒಂದೊಂದೇ ಹೇಳಿದರು. ಶೆಡ್ಡಿಗೆ ಚಾವಣಿ ಇಲ್ಲ. ಶಾಲೆ ಮುಚ್ಚಿದೆ. ನೀರಿನ ಟ್ಯಾಂಕಿನ ಮೇಲೆ ಮರ ಬೆಳೆದಿದೆ. ಈಗ ಆ ಎರಡು ನಿಮಿಷವೂ ಇಲ್ಲ, ರೈಲುಗಳು ನಿಲ್ಲದೆ ಹೋಗುತ್ತವೆ.

ಒಂದೂವರೆ ತಿಂಗಳು ಏನೂ ಬರಲಿಲ್ಲ. ಏಪ್ರಿಲ್‌ನಲ್ಲಿ ಕಾತ್ಯಾ ಎಂಬ ಹುಡುಗಿಯ ಸಂದೇಶ ಬಂತು. ಜೋಯಾಳ ಮಗಳ ಮಗಳು. ಅಜ್ಜಿ ಬದುಕಿದ್ದಾಳೆ, ಈಗ ಹಾಸಿಗೆ ಬಿಟ್ಟು ಹೆಚ್ಚು ಏಳುವುದಿಲ್ಲ, ಕಿವಿ ಮಾತ್ರ ಚುರುಕು. ಜೊತೆಗೆ ಇನ್ನೊಂದು ವಿಷಯ ಬರೆದಿದ್ದಳು. ಅದನ್ನು ಓದಿ ಅಣ್ಣಾಸಾಹೇಬರು ಅಂಗಳದಲ್ಲಿ ಹನ್ನೊಂದು ಸುತ್ತು ಹಾಕಿದರು. ನಾನು ಕಿಟಕಿಯಿಂದ ಎಣಿಸಿದೆ.

ಆಗ ಸೋವಿಯತ್ ದೇಶದ ರೈಲುಗಳೆಲ್ಲ ಓಡುತ್ತಿದ್ದದ್ದು ಮಾಸ್ಕೋ ಸಮಯದಲ್ಲಿ. ವೆರ್ಬೋವ್ಕಾದ ಮನೆ ಗಡಿಯಾರಗಳು ಮಾಸ್ಕೋಗಿಂತ ನಾಲ್ಕು ಗಂಟೆ ಮುಂದೆ. ಸ್ಟೇಷನ್ನಿನ ಗಡಿಯಾರ ಎರಡು ತೋರಿಸುತ್ತಿದ್ದರೆ ಊರಿನಲ್ಲಿ ಆರು. ರೈಲಿನ ಜನ ರೈಲಿನ ವಿಷಯ ಮಾತಾಡುವಾಗ ಮಾಸ್ಕೋ ಸಮಯವನ್ನೇ ಹೇಳುತ್ತಿದ್ದರು, ಕೇಳಿದವರು ಮನಸ್ಸಿನಲ್ಲೇ ನಾಲ್ಕು ಕೂಡಿಸಿಕೊಳ್ಳುತ್ತಿದ್ದರು. ನಮ್ಮ ಅಣ್ಣಾಸಾಹೇಬರು ವಯಸ್ಸಾದಾಕೆಗೆ ಲೆಕ್ಕದ ತೊಂದರೆ ಬೇಡವೆಂದು ಊರಿನ ಸಮಯವನ್ನೇ ಹೇಳಿಬಿಟ್ಟಿದ್ದರು, ಆರು ಎಂದು. ಆಕೆ ಅಪ್ಪಟ ರೈಲಿನವಳು, ಅದಕ್ಕೂ ನಾಲ್ಕು ಕೂಡಿಸಿದಳು. ಹತ್ತು ಗಂಟೆಗೆ ಸ್ಟೇಷನ್ನಿಗೆ ಬಂದಳು. ಬಿಸಿ ಆರದಿರಲೆಂದು, ಮಗಳ ಒಲೆಯಲ್ಲಿ ಮಾಡಿದ ಎಲೆಕೋಸಿನ ಕಡುಬುಗಳನ್ನು ಅದೇ ಕೋಟಿನಲ್ಲಿ ಸುತ್ತಿ ತಂದಿದ್ದಳಂತೆ. ರೈಲು ಹೋಗಿ ನಾಲ್ಕು ಗಂಟೆಯಾಗಿತ್ತು. ಆಕೆ ಬೆಂಚಿನ ಮೇಲೆ ಒಬ್ಬಳೇ ಕೂತು, ಎದ್ದು ಮನೆಗೆ ಹೋದಳು.

ಕಾತ್ಯಾ ಕೊನೆಗೆ ಬರೆದಿದ್ದಳು: ಶನಿವಾರ ಸಂಜೆ ಎಂಟಕ್ಕೆ ನೀವೇ ಫೋನ್ ಮಾಡಿ, ಅಜ್ಜಿ ಕಾಯುತ್ತಾಳೆ.

"ಎಂಟು ಅಂದ್ರ ಮಾಸ್ಕೋ ಎಂಟು" ಎಂದರು ಅಂಕಲ್. "ಆಕಿ ರೈಲಿನಾಕಿ. ಈ ಸಲ ನಾ ತಪ್ಪಂಗಿಲ್ಲ. ನಮಗ ಮುಂಜಾನೆ ಹತ್ತು."

"ಒಂದು ಮೆಸೇಜ್ ಹಾಕಿ ಕೇಳ್ಬಿಡಿ ಅಂಕಲ್, ಯಾವ ಎಂಟು ಅಂತ."

"ನನಗ ಟೈಮ್ ಕಲಸ್ತೀಯೇನವಾ ನೀ? ರೈಲ್ವೇದಾಂವಗ?"

ಶನಿವಾರ ಒಂಬತ್ತೂವರೆಗೆ ನಾನು ಅವರ ಅಡುಗೆಮನೆಯಲ್ಲಿದ್ದೆ. ಅಂಕಲ್ ಇಸ್ತ್ರಿ ಶರ್ಟು ಹಾಕಿ ಒಲೆಯಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಒಲೆಗೆ ಓಡಾಡುತ್ತಿದ್ದರು. "ಅಡ್ಡ ಬರಬ್ಯಾಡ್ರಿ, ಒಗ್ಗರಣಿ ಸಿಡೀತದ" ಎಂದು ಶಾಮಲಾ ಆಂಟಿ ಗದರಿಸುತ್ತಿದ್ದರು. ನನಗೋ ಸುಮ್ಮನಿರಲಾಗದೆ ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ರಷ್ಯಾದ ರೈಲ್ವೆ ಮಾಸ್ಕೋ ಸಮಯವನ್ನು 2018ರಲ್ಲೇ ಬಿಟ್ಟಿತ್ತು. ಈಗ ಸ್ಟೇಷನ್ನುಗಳಲ್ಲೂ ಆಯಾ ಊರಿನ ಸಮಯವೇ.

"ಅಂಕಲ್... ಅವರ ಎಂಟು ಗಂಟೆ ನಮಗೆ ಬೆಳಿಗ್ಗೆ ಆರಕ್ಕೇ ಆಗೋಯ್ತು. ನಾವು ಹತ್ತಕ್ಕೆ ಮಾಡಿದ್ರೆ ಅಲ್ಲಿ ಮಧ್ಯರಾತ್ರಿ."

ಅವರು ನಿಂತಲ್ಲೇ ನಿಂತರು. ಎಡಗೈ ವಾಚು ನೋಡಿದರು, ಬಲಗೈಯ ಮಾಸ್ಕೋ ವಾಚು ನೋಡಿದರು. "ಮತ್ತ ನಾಕ ತಾಸು" ಎಂದರು. ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ. ಹಾಸಿಗೆ ಹಿಡಿದ ಮುದುಕಿಯನ್ನು ಎಬ್ಬಿಸುವುದೋ, ನಾಳೆಗೆ ಬಿಡುವುದೋ, ನಾಳೆ ಎನ್ನುವುದು ಆಕೆಗೆ ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು. ಶಾಮಲಾ ಆಂಟಿ ಒಲೆ ಆರಿಸಿ ಬಂದು ಫೋನನ್ನು ಅವರ ಕೈಗೆ ತುರುಕಿದರು. "ಮಾಡ್ರಿ."

ಒಂದೇ ರಿಂಗಿಗೆ ಎತ್ತಿದರು. ಪರದೆಯ ಮೇಲೆ ಅಜ್ಜಿಯ ಸಣ್ಣ ಮುಖ, ತಲೆಗೆ ಸ್ಕಾರ್ಫು. ದಿಂಬಿಗೆ ಒರಗಿ ಕೂತಿದ್ದಳು. ಆಕೆ ಹೇಳಿದ್ದನ್ನು ಅಂಕಲ್ ತುಂಡುತುಂಡಾಗಿ ನಮಗೆ ಹೇಳುತ್ತಿದ್ದರು. ಹಾಗಾಗಿ ಜೋಯಾ ಸ್ಟೆಪಾನೊವ್ನಾ ನನ್ನ ನೆನಪಿನಲ್ಲಿ ಇವತ್ತಿಗೂ ಹುಬ್ಬಳ್ಳಿ ಕನ್ನಡ ಮಾತಾಡುತ್ತಾಳೆ.

"ಎಂಟಕ್ಕ ನೀ ಮಾಡಂಗಿಲ್ಲ ಅಂತ ನನಗ ಗೊತ್ತಿತ್ತು. ಮಾಸ್ಕೋ ಲೆಕ್ಕಾ ಹಿಡದು ಕುಂತಿರ್ತಿ. ಈ ಹುಡುಗಿ ಫೋನ್ ಮಾಡ್ತೇನಿ ಅಂದ್ಲು, ಬ್ಯಾಡ ಅಂದೆ. ಆವತ್ತ ನಾ ನಾಕ ತಾಸು ತಡಾ ಮಾಡಿದೆ. ಇವತ್ತ ನಾಕ ತಾಸು ಮೊದಲ ಬಂದು ಕುಂತೇನಿ."

ಅಣ್ಣಾಸಾಹೇಬರು ಏನೋ ಹೇಳಲು ಹೋದರು. ಕೋಟು ಎಂಬ ಮಾತು ಬಂತು. ಆಕೆ ಕೈ ಅಲ್ಲಾಡಿಸಿದಳು. "ಅದು ಇಲ್ಲೇ ಅದ. ಹುಬ್ಬಳ್ಳ್ಯಾಗ ಅದನ್ನ ತಗೊಂಡು ನೀ ಏನ್ ಮಾಡ್ತಿದ್ದಿ? ಖರೇನ ಹೇಳಿದ್ದಿ." ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. "ನಿಂತೀ ಏನು? ಕುಂದ್ರು."

ಅವರು ಕುರ್ಚಿ ಎಳೆದುಕೊಂಡು ಕೂತರು. ಶಾಮಲಾ ಆಂಟಿ ಕೂತರು, ನಾನೂ ಕೂತೆ. ಅಲ್ಲಿ ಕಾತ್ಯಾ ಹಾಸಿಗೆಯ ತುದಿಯಲ್ಲಿ ಕೂತಳು. ಯಾರೂ ಮಾತಾಡಲಿಲ್ಲ. ಒಂದು ನಿಮಿಷ ಇರಬಹುದು. ದೂರದಲ್ಲಿ ರೈಲೊಂದು ನಿಲ್ಲದೆ ಹೋದ ಸದ್ದು ಫೋನಿನಲ್ಲಿ ಕೇಳಿತು. ಆಕೆಯೂ ಇವರೂ ಇಬ್ಬರೂ ಕತ್ತು ಓರೆ ಮಾಡಿ ಅದನ್ನು ಕೇಳಿದರು.

"ಹೂಂ" ಎಂದಳು ಆಕೆ. "ಈಗ ಹೊರಡು."

ಅಣ್ಣಾಸಾಹೇಬರು ಕುರ್ಚಿಯಲ್ಲಿ ಇನ್ನಷ್ಟು ಆರಾಮಾಗಿ ಒರಗಿದರು, ಏಳಲೇ ಇಲ್ಲ.