ತೊಂಬತ್ತೆಂಟು ಮೈಲಿ ವೇಗಕ್ಕೆ ಒಡ್ಡಿದ ಅಂಗೈ

ಠಪ್!

ಬಾನೀ ಊರಿನ ಬೇಸ್‌ಬಾಲ್ ಮೈದಾನಕ್ಕೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಎಡಗೋಡೆಗೆ ತಾಗಿದ ಅಭ್ಯಾಸದ ಓಣಿಯಲ್ಲಿ ಎಲಾದಿಯೋ ಮೋಟಾ ಕುಕ್ಕರುಗಾಲಿನಲ್ಲಿ ಕೂತು ಗವಸು ತೊಟ್ಟ ಎಡಗೈಯನ್ನು ಮುಂದೆ ಚಾಚಿದ್ದಾರೆ. ಅರವತ್ತು ಅಡಿ ಆಚೆ ನಿಂತ ಎಸೆತಗಾರ ಕಾಲೆತ್ತಿ, ಸೊಂಟ ತಿರುಗಿಸಿ ಕೈ ಬೀಸುತ್ತಾನೆ. ಚೆಂಡು ಹೊರಟಿತು ಎನ್ನುವಷ್ಟರಲ್ಲಿ ಅದು ಗವಸಿನೊಳಗೆ ಬಂದು ಕೂತಾಗಿರುತ್ತದೆ.

"ಏನೋ ಇದು, ಯೆಫ್ರಿ? ಇನ್ನೂ ಹಾಸಿಗೇಲೇ ಇದೀಯಾ? ನಿಮ್ಮಜ್ಜಿ ಇದಕ್ಕಿಂತ ಜೋರಾಗಿ ಬಾಳೆಕಾಯಿ ಎಸೀತಾಳೆ!"

"ನಮ್ಮಜ್ಜಿ ಎಸೆದ್ರೆ ನೀನು ಹಿಡೀತೀಯಾ ಮಾವ?" ಎಂದು ಯೆಫ್ರಿ ನಗುತ್ತಾನೆ. ಮುಂದಿನ ಎಸೆತಕ್ಕೆ ಬೇಲಿಯಾಚೆ ಮಾವಿನ ಮರದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಹಾರುತ್ತವೆ.

ಎಲಾದಿಯೋಗೆ ನಲವತ್ತೇಳು ವರ್ಷ. ಚಳಿಗಾಲದ ಪಂದ್ಯಾವಳಿಯಲ್ಲಿ ಆಡುವ ಸಾಲಿನೆರೋಸ್ ತಂಡದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾರೆ. ಆದರೆ ಒಂದೇ ಒಂದು ಪಂದ್ಯವನ್ನೂ ಆಡಿಲ್ಲ. ಎಸೆತಗಾರರು ಮೈದಾನಕ್ಕಿಳಿಯುವ ಮುನ್ನ ತೋಳು ಬೆಚ್ಚಗೆ ಮಾಡಿಕೊಳ್ಳಬೇಕಲ್ಲ, ಆಗ ಎದುರಿಗೆ ಕೂತು ಹಿಡಿಯುವುದು ಇವರ ಕೆಲಸ. ಬೆಳಿಗ್ಗೆ ಸಂಜೆ ಸೇರಿ ಇನ್ನೂರೈವತ್ತು ಚೆಂಡು. ಎಡಗೈಯ ತೋರುಬೆರಳು ಎರಡು ಸಲ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಹೆಂಡತಿ ಮಿಲಾಗ್ರೋಸ್ ಪಕ್ಕದ ಪಾಯಾ ಎಂಬ ಊರಿನ ರಸ್ತೆಬದಿಯಲ್ಲಿ ಹಾಲಿನ ಮಿಠಾಯಿ ಮಾರುತ್ತಾರೆ. "ಎಲಾದಿಯೋ ಆ ಕಡೆಗೆ ಬೆರಳು ತೋರಿಸಿದ್ರೆ ಗಿರಾಕಿ ಈ ಕಡೆಗೆ ಹೋಗ್ತಾರೆ. ಅದಕ್ಕೇ ಅಂಗಡಿಗೆ ಬರಬೇಡ ಅಂದಿದೀನಿ" ಎಂಬುದು ಅವರ ದೂರು.

ಇದು ೨೦೧೯ರ ಡಿಸೆಂಬರ್. ಈ ಹತ್ತು ವರ್ಷದಲ್ಲಿ ಬೇಸ್‌ಬಾಲ್ ಎಷ್ಟು ಬದಲಾಯಿತು ಎಂದು ಕೇಳಿದರೆ ಎಲಾದಿಯೋ ಗವಸು ಬಿಚ್ಚಿ ಅಂಗೈ ತೋರಿಸುತ್ತಾರೆ.

"ಮೊದಲು ಇಲ್ಲಿ ಸ್ಪಂಜು ಇಡ್ತಿರಲಿಲ್ಲ. ಈಗ ಎರಡು ಪದರ. ಆಗ ನಮ್ಮ ತಂಡದಲ್ಲಿ ಗಂಟೆಗೆ ತೊಂಬತ್ತೈದು ಮೈಲಿ ಎಸೆಯೋನು ಒಬ್ಬನೇ ಇದ್ದ. ಅವನು ಬೀದೀಲಿ ಹೋದ್ರೆ ಜನ ಎದ್ದು ನಿಲ್ತಿದ್ರು. ಈಗ ಅಂಥೋರು ಎಂಟು ಜನ. ಬೀದಿನಾಯೀನೂ ತಿರುಗಿ ನೋಡಲ್ಲ."

ಬದಲಾದದ್ದು ವೇಗ ಮಾತ್ರವಲ್ಲ. ಆಗ ಒಬ್ಬನೇ ಎಸೆತಗಾರ ಪಂದ್ಯದ ಮುಕ್ಕಾಲು ಪಾಲು ಎಳೆಯುತ್ತಿದ್ದ. ಎಲಾದಿಯೋ ಇಬ್ಬರಿಗೋ ಮೂವರಿಗೋ ಗವಸು ಒಡ್ಡಿದರೆ ಮುಗಿಯುತ್ತಿತ್ತು. ಈಗ ಒಬ್ಬೊಬ್ಬ ಬಂದು ಸ್ವಲ್ಪ ಹೊತ್ತು ಇದ್ದ ಶಕ್ತಿಯನ್ನೆಲ್ಲ ಸುರಿದು ಹೋಗುತ್ತಾನೆ. ಪಂದ್ಯಕ್ಕೆ ಏಳು ಜನ. "ಆಗ ಮೊಣಕಾಲಿಗೆ ಎಸಿ ಅಂತಿದ್ರು, ಈಗ ಎದೆಗೆ ಎಸಿ ಅಂತಾರೆ. ಬ್ಯಾಟು ಹಿಡಿದೋರು ಕೆಳಗಿನ ಚೆಂಡನ್ನ ಆಕಾಶಕ್ಕೆ ಎತ್ತೋದು ಕಲಿತುಬಿಟ್ರಲ್ಲ!" ಎಂದು ಹೇಳುವಾಗ ಎಲಾದಿಯೋ ಕಣ್ಣು ಅರಳುತ್ತದೆ. ಆಟ ಹಾಳಾಯಿತೆಂದು ಕೊರಗುವ ಜಾಯಮಾನ ಅವರದಲ್ಲ.

ಆದರೆ ಆಟ ಒಮ್ಮೆ ಅವರನ್ನೇ ಹೊರಗೆ ತಳ್ಳಿತ್ತು. ೨೦೧೫ರಲ್ಲಿ ಓಣಿಗೆ ಒಂದು ಕಪ್ಪು ಪೆಟ್ಟಿಗೆ ಬಂತು. ಚೆಂಡಿನ ವೇಗ, ಅದು ಎಷ್ಟು ಸುತ್ತು ತಿರುಗಿತು, ಎಷ್ಟು ಎತ್ತರದಲ್ಲಿ ಕೈಯಿಂದ ಹೊರಟಿತು, ಎಲ್ಲ ಹೇಳುವ ಯಂತ್ರ. ಇಷ್ಟೆಲ್ಲ ಯಂತ್ರವೇ ನೋಡಿಕೊಳ್ಳುವಾಗ ಹಿಡಿಯಲು ಮನುಷ್ಯ ಯಾಕೆ ಎಂದು ತಂಡದವರು ಒಂದು ಬಲೆ ಕಟ್ಟಿದರು. ಎಲಾದಿಯೋ ಮನೆಗೆ ಹೋಗಿ ಮಿಠಾಯಿ ಕಲಕುತ್ತ ಕೂತರು.

"ಐದು ವಾರ. ಅಷ್ಟೂ ದಿನ ಮಿಠಾಯಿ ತಳ ಹಿಡೀತು" ಎನ್ನುತ್ತಾರೆ ಮಿಲಾಗ್ರೋಸ್.

ಬಲೆಗೆ ಎಸೆದ ಎಸೆತಗಾರರು ಪಂದ್ಯದಲ್ಲಿ ಗುರಿ ತಪ್ಪತೊಡಗಿದರು. ಬಲೆ ಬೈಯುವುದಿಲ್ಲ, ಭೇಷ್ ಎನ್ನುವುದಿಲ್ಲ. ಪೆಟ್ಟಿಗೆಯ ಅಂಕಿಗಳನ್ನು ನೋಡಿಕೊಳ್ಳುವ ಯಾನೆಲಿ ಪೇನ್ಸೋ, ಆಗಷ್ಟೇ ಓದು ಮುಗಿಸಿ ಬಂದಿದ್ದ ಹುಡುಗಿ, ಎಲಾದಿಯೋ ಇದ್ದಾಗಿನ ಮತ್ತು ಬಲೆ ಬಂದ ಮೇಲಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮೇಲಿನವರ ಮೇಜಿಗೆ ಒಯ್ದಳು. ಮರುದಿನವೇ ಎಲಾದಿಯೋ ಮನೆ ಬಾಗಿಲು ತಟ್ಟಿ, "ಮಾವ, ನಿಮ್ಮ ಬೈಗುಳಕ್ಕೆ ಬೆಲೆ ಬಂದಿದೆ, ನಡೀರಿ" ಎಂದಳು.

ಕಳೆದ ಜನವರಿಯಲ್ಲಿ ನಡೆದದ್ದನ್ನು ಮಾತ್ರ ಊರೇ ನೆನಪಿಟ್ಟುಕೊಂಡಿದೆ. ಇಪ್ಪತ್ತಮೂರು ವರ್ಷದ ಯೆಫ್ರಿ ಮಾನ್ಯೋನ್ ಅಂದು ಅಮೆರಿಕದ ದೊಡ್ಡ ತಂಡದವರ ಮುಂದೆ ಆಯ್ಕೆಗಾಗಿ ಎಸೆಯಬೇಕಿತ್ತು. ಬೇಲಿಯ ಬಳಿ ಅವನ ತಾಯಿ, ನೆರೆಹೊರೆ, ಪಾದ್ರಿ ಎಲ್ಲ ಸೇರಿದ್ದರು. ಪೆಟ್ಟಿಗೆ ತೊಂಬತ್ತೇಳು ಎಂದಿತು, ಮತ್ತೆ ತೊಂಬತ್ತೇಳು. ಜನ ಕೂಗಿದರು. ಎಲಾದಿಯೋ ಹನ್ನೆರಡನೇ ಚೆಂಡು ಹಿಡಿದವರು ಹಿಂದಿರುಗಿಸಲೇ ಇಲ್ಲ. ಎದ್ದು ಚೆಂಡನ್ನು ಜೇಬಿಗಿಳಿಸಿದರು.

"ಇವತ್ತಿಗೆ ಸಾಕು."

"ಮಾವ, ಚೆಂಡು ಕೊಡು."

"ಕೊಡಲ್ಲ. ನಿನ್ನ ಮೊಣಕೈ ಸರಿಯಿಲ್ಲ."

"ತೊಂಬತ್ತೇಳು ಬಿದ್ದಿದೆ! ಕಣ್ಣು ಕಾಣಲ್ವಾ? ನೀನಂತೂ ಆಡಲಿಲ್ಲ, ನನ್ನನ್ನೂ ಆಡೋಕೆ ಬಿಡಲ್ವಾ?"

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. "ಉತ್ತರ ಬಾಯಿಗೆ ಬಂದಿತ್ತು, ನುಂಗಿದೆ" ಎನ್ನುತ್ತಾರೆ ಎಲಾದಿಯೋ. "ದಿನಾ ಅವನ ಚೆಂಡು ಬೆರಳಿನ ಬುಡಕ್ಕೆ ಬಂದು ಕಚ್ತಿತ್ತು. ಅವತ್ತು ಅಂಗೈ ಅಂಚಿಗೆ ಜಾರ್ತಿತ್ತು. ನೋವು ತಪ್ಪಿಸ್ಕೊಂಡು ಎಸೀತಿದಾನೆ ಅಂತ ಗೊತ್ತಾಯ್ತು. ಬಂದೋರ ಮುಂದೆ ಅದನ್ನ ವಾದ ಮಾಡ್ತಾ ಕೂರೋಕಾಗುತ್ತಾ?"

ಬಂದವರು ಕಾರು ಹತ್ತಿ ಹೋದರು. ಯೆಫ್ರಿಯ ತಾಯಿ ಬೇಲಿ ಹಿಡಿದು ಅತ್ತರು. ಯಾನೆಲಿ ಒಬ್ಬಳೇ ಪೆಟ್ಟಿಗೆಯ ಮುಂದೆ ಕೂತು ಮೂರು ವಾರದ ಅಂಕಿಗಳನ್ನು ಜಾಲಾಡಿದಳು. ವೇಗ ಇಳಿದಿರಲಿಲ್ಲ; ಆದರೆ ಚೆಂಡು ಕೈಬಿಡುವ ಎತ್ತರ ದಿನದಿನಕ್ಕೆ ಕುಸಿದು ಎರಡು ಬೆರಳಿನಷ್ಟು ಕೆಳಗೆ ಬಂದಿತ್ತು. ಯಂತ್ರ ಅದನ್ನು ಬರೆದಿಟ್ಟಿತ್ತು, ಯಾರೂ ನೋಡಿರಲಿಲ್ಲ. ರಾಜಧಾನಿಯಲ್ಲಿ ಸ್ಕ್ಯಾನ್ ಮಾಡಿದ ವೈದ್ಯರು, ಮೊಣಕೈಯ ಅಸ್ಥಿರಜ್ಜು ಎಳೆ ಬಿಟ್ಟಿದೆ, ಇನ್ನೊಂದು ವಾರ ಎಸೆದಿದ್ದರೆ ಹರಿಯುತ್ತಿತ್ತು ಎಂದರು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಹತ್ತು ತಿಂಗಳ ವಿಶ್ರಾಂತಿ, ವ್ಯಾಯಾಮ.

ಯೆಫ್ರಿ ಕ್ಷಮೆ ಕೇಳಲು ಪಾಯಾದ ಅಂಗಡಿಗೆ ಹೋಗಿದ್ದನಂತೆ. ಬಾಯಿ ಬಿಡುವ ಮೊದಲೇ ಮಿಲಾಗ್ರೋಸ್ ಮಿಠಾಯಿ ತುರುಕಿದರಂತೆ.

ಅದೇ ದೊಡ್ಡ ತಂಡದವರು ಇಂದು ಮತ್ತೆ ಬಂದಿದ್ದಾರೆ. ಹಿಂದಿನ ಸಾಲಿನ ಬೆಂಚಿನಲ್ಲಿ ಮೂವರು ಕೂತಿದ್ದಾರೆ. ಯೆಫ್ರಿ ಕಾಲೆತ್ತುತ್ತಾನೆ. ಠಪ್! ತೊಂಬತ್ತಾರು. ಠಪ್! ತೊಂಬತ್ತೇಳು. ಎಲಾದಿಯೋ ಬೈಯುವುದನ್ನು ನಿಲ್ಲಿಸಿದ್ದಾರೆ. ಅವರು ಸುಮ್ಮನಾದರೆ ಚೆಂಡು ಚೆನ್ನಾಗಿದೆ ಎಂದು ಇಡೀ ತಂಡಕ್ಕೆ ಗೊತ್ತು. ಇಪ್ಪತ್ತನೇ ಎಸೆತಕ್ಕೆ ಯಾನೆಲಿ ಕುರ್ಚಿಯಿಂದ ಎದ್ದೇಬಿಡುತ್ತಾಳೆ: "ತೊಂಬತ್ತೆಂಟು! ಎತ್ತರ ಕೂದಲೆಳೆಯಷ್ಟೂ ಇಳಿದಿಲ್ಲ!" ಬೆಂಚಿನ ಮೂವರಲ್ಲಿ ಒಬ್ಬ ಫೋನ್ ತೆಗೆದು ದೂರ ಹೋಗುತ್ತಾನೆ. ಹಿಂತಿರುಗಿ ಬಂದವನು ನೇರ ಯೆಫ್ರಿಯ ತಾಯಿಯ ಬಳಿ ಹೋಗಿ ಕೈ ಚಾಚುತ್ತಾನೆ. ಆಕೆ ಕೈ ಕುಲುಕುವುದು ಬಿಟ್ಟು ಅವನನ್ನೇ ತಬ್ಬಿಕೊಳ್ಳುತ್ತಾರೆ. ಬೇಲಿಯುದ್ದಕ್ಕೂ ಕೇಕೆ.

ಈ ಗದ್ದಲದಲ್ಲಿ ಎಲಾದಿಯೋ ಕಡೆ ಯಾರ ಗಮನವೂ ಇಲ್ಲ. ಮೊಣಕಾಲಿನ ಮಣ್ಣು ಕೊಡವುತ್ತ ನಿಂತ ಅವರ ಹತ್ತಿರ ಬಂದವಳು ಯಾನೆಲಿ ಮಾತ್ರ. ಕಳೆದ ಜನವರಿಯಿಂದ ಅವಳ ಪಟ್ಟಿಯಲ್ಲಿ ವೇಗ, ಸುತ್ತು, ಎತ್ತರಗಳ ಪಕ್ಕ ಹೊಸದೊಂದು ಮನೆ ಸೇರಿದೆ. ಅದರ ಹೆಸರು 'ಎಲಾದಿಯೋ ಕೈ'. ಆ ಮನೆಗೆ ಅಂಕಿ ಬೇಕಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಾಳೆ.

"ಇವತ್ತಿಂದು ಏನು ಬರೀಲಿ ಮಾವ?"

ಎಲಾದಿಯೋ ಗವಸು ಕಳಚಿ, ಕೆಂಪಗೆ ಊದಿದ ಅಂಗೈಯನ್ನು ಅವಳ ಮುಂದೆ ಹಿಡಿದು ಬಾಯ್ತುಂಬ ನಗುತ್ತಾರೆ.

"ಉರಿ ಕಿತ್ಕೊಂಡ್ ಬರ್ತಿದೆ ಅಂತ ಬರಿ, ಮಗಳೇ. ದಪ್ಪಕ್ಷರದಲ್ಲಿ ಬರಿ."