ಇಸ್ತ್ರಿಗೆ ಬಿದ್ದ ನೂರ ಎಪ್ಪತ್ತೆಂಟನೆಯ ದಿನ

ಸುಕ್ಕು ಎಂಬ ಮಹಾಶತ್ರುವಿನ ಮೇಲೆ ಹನ್ನೊಂದು ವರ್ಷಗಳಿಂದ ಒಬ್ಬನೇ ಯುದ್ಧ ಹೂಡಿರುವ ವೀರನೊಬ್ಬ ಈ ಬೀದಿಯ ಮೂಲೆಯ ಲಾಂಡ್ರಿಯಲ್ಲಿದ್ದಾನೆ. ಎಲ್ಲರೂ ಅವನನ್ನು ಇಸ್ತ್ರಿ ಮಾವ ಎನ್ನುತ್ತಾರೆ. ಆಯುಧವೆಂದರೆ ಮೂರು ಕಿಲೋ ತೂಗುವ ಹಳೆಯ ಕರೆಂಟ್ ಇಸ್ತ್ರಿಪೆಟ್ಟಿಗೆ. ರಣರಂಗವೆಂದರೆ ಕಿಟಕಿಯ ಪಕ್ಕದ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ. ಶತ್ರು ದಿನವೂ ಸಂಜೆಯ ಹೊತ್ತಿಗೆ ಸಾಯುತ್ತಾನೆ, ಬೆಳಿಗ್ಗೆ ಅದೇ ಕಾಲರಿನಲ್ಲಿ ಮತ್ತೆ ಹುಟ್ಟಿ ಬರುತ್ತಾನೆ. ಮಾವನಿಗೆ ಇದರಿಂದ ಬೇಸರವೂ ಇಲ್ಲ, ಸಂತೋಷವೂ ಇಲ್ಲ. ಮುಂದಿನ ಶರ್ಟು ಎಳೆದುಕೊಳ್ಳುತ್ತಾನೆ.

ಕಾವು ನೋಡಲು ಬೆರಳಿಗೆ ಉಗುಳು ಹಚ್ಚಿ ಇಸ್ತ್ರಿಯ ತಳವನ್ನೇ ಮುಟ್ಟುತ್ತಾನೆ. ನೋಡುವವರು ‘ಹಾ!’ ಎಂದು ತಮ್ಮ ಕೈ ಹಿಂದೆಳೆದುಕೊಳ್ಳುತ್ತಾರೆ. ಅವನಿಗೆ ಏನೂ ಆಗುವುದಿಲ್ಲ. ಆ ಬೆರಳುಗಳು ಬಿಸಿ ತಣ್ಣಗಿನ ಸುದ್ದಿಯನ್ನು ಮೇಲಕ್ಕೆ ಕಳಿಸುವುದನ್ನು ಯಾವತ್ತೋ ನಿಲ್ಲಿಸಿವೆ.

ಇಂಥವನಿಗೆ ಪೌರತ್ವ ಬೇಕಾಯಿತು. ಅವನಿಗಾಗಿ ಅಲ್ಲ, ಮಗಳಿಗಾಗಿ. ಹದಿನೆಂಟು ತುಂಬುವ ಮೊದಲು ಅಪ್ಪ ಪ್ರಮಾಣವಚನ ತೆಗೆದುಕೊಂಡರೆ ಅದೇ ಉಸಿರಿನಲ್ಲಿ ಮಗಳೂ ಈ ದೇಶದವಳಾಗುತ್ತಾಳೆ. ಒಂದು ದಿನ ತಡವಾದರೂ ಅವಳು ತನ್ನದೇ ಅರ್ಜಿ ಹಿಡಿದು ಸಾಲಿನ ಬಾಲದಲ್ಲಿ ನಿಲ್ಲಬೇಕು. ಅವಳಿಗೋ ಅಗ್ನಿಶಾಮಕ ದಳ ಸೇರುವ ಹುಚ್ಚು. ಅಲ್ಲಿ ಪೌರರಿಗೆ ಮಾತ್ರ ಪ್ರವೇಶ, ಈ ವರ್ಷವೇ ಭರ್ತಿ. ಅವಳ ಹುಟ್ಟುಹಬ್ಬಕ್ಕೆ ಏಳು ವಾರ ಉಳಿದಿತ್ತು.

ಅರ್ಜಿ ತುಂಬಿದ್ದು ಇಸ್ತ್ರಿ ಮೇಜಿನ ಒಂದು ಮೂಲೆಯಲ್ಲಿ. ಮಗಳು ಓದಿದಳು, ಮಾವ ಉಜ್ಜಿದ.

“ಅಪ್ಪಾ, ಯಾವತ್ತಾದ್ರೂ ಸರ್ಕಾರ ಉರುಳಿಸೋಕೆ ಪ್ರಯತ್ನ ಮಾಡಿದ್ದೀಯಾ?”

“ಯಾವಾಗ ಮಾಡ್ಲಿ? ಭಾನುವಾರಾನೂ ಅಂಗಡಿ ಇರತ್ತಲ್ಲ.”

“ಇಲ್ಲ ಅಂತ ಬರೀತೀನಿ. ಕುಡಿತದ ಚಟ?”

“ಚಹಾನೂ ಕೇಳ್ತಾರಾ?”

“ಇಬ್ಬರು ಹೆಂಡತಿಯರು ಇದ್ದಾರಾ ಅಂತನೂ ಕೇಳಿದ್ದಾರೆ.”

ಹಿಂದಿನಿಂದ ಲಾಂಡ್ರಿಯ ಯಜಮಾನಿ ಬಾಯಿ ಹಾಕಿದಳು. “ಒಬ್ಬಳು ಈ ಇಸ್ತ್ರಿಪೆಟ್ಟಿಗೆ ಅಂತ ಬರಿಯೇ ಹುಡುಗಿ. ಕೈ ಬಿಟ್ಟು ಮನೆಗೇ ಹೋಗಲ್ಲ.”

ಮಗಳು ನಕ್ಕು ಪುಟ ತಿರುವಿದಳು. “ಕಳೆದ ಐದು ವರ್ಷದಲ್ಲಿ ದೇಶದ ಹೊರಗೆ ಒಂದೇ ಸಲ ಅತಿ ಹೆಚ್ಚು ಎಷ್ಟು ದಿನ ಇದ್ದಿ?”

“ನೂರ ಎಪ್ಪತ್ತೆಂಟು,” ಎಂದ ಮಾವ. ಇಸ್ತ್ರಿ ನಿಲ್ಲಲಿಲ್ಲ.

ಅದು ನಾಲ್ಕು ವರ್ಷದ ಹಿಂದಿನ ಮಾತು. ತವರಿಗೆ ಹೋದ ಹೆಂಡತಿ ಅಲ್ಲೇ ಹಾಸಿಗೆ ಹಿಡಿದಳು. ಹದಿಮೂರರ ಮಗಳನ್ನು ಅಂಗಡಿಯ ಮೇಲಿನ ಮಹಡಿಯಲ್ಲಿ ಯಜಮಾನಿಯ ಜೊತೆ ಬಿಟ್ಟು ಮಾವ ಹೋದ. ನೂರ ಎಂಬತ್ತು ದಿನ ದಾಟಿದರೆ ಇಲ್ಲಿ ಕಳೆದ ವರ್ಷಗಳೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತವೆ, ಮತ್ತೆ ಒಂದರಿಂದ ಎಣಿಸಬೇಕು ಎಂಬ ನಿಯಮ ಅವನಿಗೆ ಗೊತ್ತಿತ್ತು. ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದವಳು ಅವಳೇ. ಮಾವ ನೂರ ಎಪ್ಪತ್ತೆಂಟನೆಯ ದಿನ, ಸೋಮವಾರ, ವಾಪಸು ಬಂದಿಳಿದ. ಶುಕ್ರವಾರ ಅವಳು ಹೋದಳು.

ಅರ್ಜಿ ಹೋಯಿತು. ಬೆರಳಚ್ಚಿಗೆ ಕರೆ ಬಂತು. ಅಲ್ಲಿಯ ಯಂತ್ರ ಗಾಜಿನ ಮೇಲೆ ಬೆರಳಿಡಿ ಎಂದಿತು, ಮಾವ ಇಟ್ಟ. ಬೆರಳಿಡಿ ಎಂದು ಮತ್ತೆ ಹೇಳಿತು. ಹೀಗೆ ಒಂಬತ್ತು ಬೆರಳು. ಹನ್ನೊಂದು ವರ್ಷದ ಕಾವಿಗೆ ಗೆರೆಗಳೆಲ್ಲ ಸವೆದು, ಕೈಯೇ ಇಸ್ತ್ರಿ ಮಾಡಿಸಿಕೊಂಡಂತೆ ನುಣ್ಣಗಾಗಿತ್ತು. ಕೊನೆಗೆ ಎಡಗೈಯ ಕಿರುಬೆರಳೊಂದು ಮುಂದೆ ಬಂದು, ಈ ಮನುಷ್ಯ ಇರುವುದು ನಿಜ ಎಂದು ಸಾಕ್ಷಿ ಹೇಳಿ ವಂಶದ ಮಾನ ಉಳಿಸಿತು.

ಆಮೇಲೆ ಸಂದರ್ಶನದ ದಿನ ಗೊತ್ತಾಯಿತು. ಅದರ ಹಿಂದಿನ ಮಧ್ಯಾಹ್ನ ಮಾವ ತನ್ನ ಬದುಕಿನ ಏಕೈಕ ಪ್ರಮಾದ ಮಾಡಿದ. ಬೇರೆ ಯಾರೂ ಮಾಡಲಾರದ ಪ್ರಮಾದ ಅದು.

ಮಗಳು ಜೋಡಿಸಿಟ್ಟ ದಾಖಲೆಗಳನ್ನು ಅವನು ಬಿಚ್ಚಿ ನೋಡಿದ. ಮದುವೆಯ ಪತ್ರ ನಾಲ್ಕು ಮಡಿಕೆ, ಬಾಡಿಗೆ ಕರಾರು ಮುದುರಿದ ಮೂಲೆ. ಶತ್ರು ತನ್ನ ಮನೆಯೊಳಗೇ ನುಗ್ಗಿದ್ದಾನೆ! ಮಾವ ಇಸ್ತ್ರಿಯ ಕಾವು ಇಳಿಸಿದ, ಮೇಲೊಂದು ತೆಳು ಬಟ್ಟೆ ಹಾಸಿದ, ಒಂದೊಂದೇ ಕಾಗದವನ್ನು ಒತ್ತಿದ. ಮದುವೆಯ ಪತ್ರ ಮದುಮಗನ ಹಾಗೆ ಎದ್ದು ಬಂತು. ಕರಾರು ಪತ್ರಕ್ಕೆ ಎಂದೂ ಇಲ್ಲದ ಗಾಂಭೀರ್ಯ ಬಂತು. ಕೊನೆಗೆ ಪರ್ಸಿನ ಒಳಜೇಬಿನಿಂದ ನಾಲ್ಕು ವರ್ಷ ಮಡಿಸಿಟ್ಟಿದ್ದ ಬೋರ್ಡಿಂಗ್ ಪಾಸ್ ತೆಗೆದ. ವಾಪಸು ಬಂದ ವಿಮಾನದ ಚೀಟಿ. ಒತ್ತಿದ. ಬಟ್ಟೆ ಎತ್ತಿದ.

ಚೀಟಿ ಇದ್ದಿಲಿನ ಹಾಗೆ ಕರ್ರಗಾಗಿತ್ತು.

“ಅಯ್ಯೋ ಪುಣ್ಯಾತ್ಮ!” ಯಜಮಾನಿ ಓಡಿ ಬಂದಳು. “ಅದು ನಮ್ಮ ರಸೀದಿ ಕಾಗದದ ಜಾತಿ ಕಣೋ! ಬಿಸಿ ತಾಗಿದ್ರೆ ಪೂರ್ತಿ ಕಪ್ಪಾಗತ್ತೆ!”

ಮಾವ ಚೀಟಿಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ. “ಸುಕ್ಕು ಹೋಯ್ತು,” ಎಂದ.

ಮರುದಿನ ಸಂದರ್ಶನದ ಕೋಣೆ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಗಡಿಯಾರ. ಮಗಳು ಪಕ್ಕದಲ್ಲಿ ಕುಳಿತಿದ್ದಳು. ಅಧಿಕಾರಿಣಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಹತ್ತು ಪ್ರಶ್ನೆ ಕೇಳಿದಳು. ದೇಶದ ನದಿ, ಸಂವಿಧಾನ, ಸಂಸತ್ತು. ಮಾವ ಹತ್ತಕ್ಕೂ ಉತ್ತರ ಹೇಳಿದ. ಮಗಳು ಅವನನ್ನು ಅಷ್ಟು ಉಜ್ಜಿದ್ದಳು.

“ಭೇಷ್. ಈಗ ಈ ದೊಡ್ಡ ಪ್ರವಾಸ. ನೀವು ಹೋದದ್ದು ನಮ್ಮ ಕಂಪ್ಯೂಟರಿನಲ್ಲಿದೆ, ಬಂದದ್ದು ಇಲ್ಲ. ಪಾಸ್‌ಪೋರ್ಟಿನ ಠಸ್ಸೆಯಲ್ಲಿ ತಿಂಗಳು ಕಾಣತ್ತೆ, ತಾರೀಖು ಅಳಿಸಿದೆ. ಟಿಕೆಟ್ ಏನಾದ್ರೂ ಇದೆಯಾ?”

ಮಾವ ಕರಿ ಚೀಟಿಯನ್ನು ಎರಡೂ ಕೈಯಲ್ಲಿ ಒಪ್ಪಿಸಿದ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. “ಇದೇನಿದು?”

“ಬೋರ್ಡಿಂಗ್ ಪಾಸ್, ಮೇಡಂ. ಇಸ್ತ್ರಿ ಮಾಡಿದೆ.”

“ಇಸ್ತ್ರಿ?”

“ಮಡಿಕೆ ಬಿದ್ದಿತ್ತು.”

ವಿಮಾನ ಕಂಪನಿಯನ್ನು ಕೇಳಿ ಎಂದಳು. ಕಂಪನಿ ಎರಡು ವರ್ಷದ ಹಿಂದೆಯೇ ಬಾಗಿಲು ಹಾಕಿಕೊಂಡಿದೆ ಎಂದು ಮಗಳು ಹೇಳಿದಳು. ಅಧಿಕಾರಿಣಿ ಕನ್ನಡಕ ತೆಗೆದಿಟ್ಟಳು.

“ನೂರ ಎಂಬತ್ತಕ್ಕೆ ಎರಡೇ ದಿನ ಮುಂಚೆ ಬಂದೆ ಅಂತೀರಿ. ಆಗ ನಿಮ್ಮ ಹೆಂಡತಿ ಹೇಗಿದ್ರು?”

“ಉಸಿರಾಡ್ತಿದ್ಳು.”

“ಮತ್ತೆ ಹೇಗೆ ಬಿಟ್ಟು ಬಂದ್ರಿ?”

“ಬಸ್ಸಿನಲ್ಲಿ, ಆಮೇಲೆ ವಿಮಾನದಲ್ಲಿ,” ಎಂದ ಮಾವ.

ಅವಳು ಕನ್ನಡಕ ಮತ್ತೆ ಹಾಕಿಕೊಂಡಳು. ಆ ದಿನ ಅವನು ಇಲ್ಲಿದ್ದ ಎನ್ನುವುದಕ್ಕೆ ಯಾವುದಾದರೂ ಬರಹ, ಯಾರದ್ದಾದರೂ ಸಹಿ ಗುರುವಾರದೊಳಗೆ ತರಬೇಕು, ಇಲ್ಲವಾದರೆ ಅರ್ಜಿ ವಜಾ, ಎಂದಳು.

ಅಂಗಡಿಗೆ ಬಂದು ಹೇಳಿದ್ದೇ ತಡ, ಯಜಮಾನಿ ಹಣೆ ಚಚ್ಚಿಕೊಂಡು ಸ್ಟೂಲು ಹತ್ತಿದಳು. “ವಿಮಾನ ಇಳಿದವನು ಸೀದಾ ಎಲ್ಲಿಗೆ ಬಂದ? ಇಲ್ಲಿಗೇ! ಪೆಟ್ಟಿಗೆ ಬಾಗಿಲಲ್ಲಿಟ್ಟು ಇಸ್ತ್ರಿ ಕಾಯಿಸಿದ. ನನ್ನ ಹಾಜರಿ ಪುಸ್ತಕದಲ್ಲಿ ಸಹಿ ಇರ್ಲೇಬೇಕು!” ಸಾಬೂನಿನ ಡಬ್ಬಗಳ ಹಿಂದಿನಿಂದ ನಾಲ್ಕು ವರ್ಷದ ಹಿಂದಿನ ಪುಸ್ತಕ ಧೂಳು ಸಮೇತ ಇಳಿಯಿತು. ಈ ಹೆಂಗಸು ಹಾಜರಿ ಪುಸ್ತಕದಲ್ಲಿ ಹಾಜರಿ ಮಾತ್ರ ಬರೆಯುವವಳಲ್ಲ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರಿಗೆ ಶೀತ, ಯಾರು ಗುಂಡಿ ಒಡೆದರು, ಎಲ್ಲ ಅಂಚಿನಲ್ಲಿ ಇರಬೇಕು.

ಮಗಳು ಪುಟ ಹುಡುಕಿದಳು. ಸೋಮವಾರ: ಮಧ್ಯಾಹ್ನ ಎರಡೂ ಕಾಲು, ಮಾವನ ಸಹಿ. ಅಂಚಿನಲ್ಲಿ, ‘ಊರಿಂದ ಬಂದ. ಗಡ್ಡ ಬಿಟ್ಟಿದ್ದಾನೆ. ಇಪ್ಪತ್ತು ಶರ್ಟು.’

“ಸಿಕ್ತು!” ಎಂದು ಅವಳು ಕುಣಿದಳು. ವಾರಕ್ಕೊಂದೇ ಪುಟ. ಕಣ್ಣು ತಾನಾಗಿ ಕೆಳಗಿಳಿಯಿತು.

ಶುಕ್ರವಾರ: ‘ಹನ್ನೊಂದು ಗಂಟೆಗೆ ಫೋನ್ ಬಂತು. ಹೆಂಡತಿ ಹೋದಳಂತೆ. ಮನೆಗೆ ಹೋಗು ಎಂದೆ. ಹೋಗಲಿಲ್ಲ. ಸಂಜೆ ಆರರವರೆಗೆ ನಲವತ್ತೆರಡು ಶರ್ಟು.’

ಅಮ್ಮ ಹೋದ ಸುದ್ದಿಯನ್ನು ಅಪ್ಪ ಅವಳಿಗೆ ಹೇಳಿದ್ದು ಆರೂವರೆಗೆ. ಆಗಷ್ಟೇ ಫೋನ್ ಬಂದಿರಬೇಕು ಎಂದು ಅವಳು ನಾಲ್ಕು ವರ್ಷದಿಂದ ಅಂದುಕೊಂಡಿದ್ದಳು.

“ಅಪ್ಪಾ. ಏಳೂವರೆ ಗಂಟೆ ಹೊತ್ತು ನಿಂಗೆ ಗೊತ್ತಿತ್ತಾ?”

“ಹೂಂ.”

“ಮತ್ತೆ ಏನ್ ಮಾಡ್ತಿದ್ದೆ?”

“ಶರ್ಟಿಗೆಲ್ಲ ನೀರು ಚಿಮುಕಿಸಿ ಸುತ್ತಿಟ್ಟಿದ್ದೆ. ಹಾಗೇ ಬಿಟ್ರೆ ವಾಸನೆ ಹಿಡಿಯತ್ತೆ.”

ಮಗಳು ಅವನ ಮುಖ ನೋಡಿದಳು. ಅಲ್ಲಿ ಒಂದೇ ಒಂದು ಸುಕ್ಕಿರಲಿಲ್ಲ. ಯಜಮಾನಿ ಬೇಕೆಂದೇ ಸಾಬೂನಿನ ಡಬ್ಬಗಳನ್ನು ಸದ್ದು ಮಾಡುತ್ತ ಜೋಡಿಸಿದಳು.

ಗುರುವಾರ ಪುಸ್ತಕ ಕಚೇರಿಗೆ ಹೋಯಿತು. ಅಧಿಕಾರಿಣಿಯ ಬೆರಳು ಸೋಮವಾರದ ಮೇಲೆ ನಿಂತು ತಲೆದೂಗಿತು. ಆಮೇಲೆ ಅದೂ ಕೆಳಗಿಳಿಯಿತು. ಶುಕ್ರವಾರದಲ್ಲಿ ಸ್ವಲ್ಪ ಹೊತ್ತು ತಂಗಿತು. ಅವಳು ಪುಟದ ನಕಲು ತೆಗೆಸಿಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ, “ಮಂಜೂರು,” ಎಂದಳು.

ಪ್ರಮಾಣವಚನಕ್ಕೆ ಕರೆದದ್ದು ಮಗಳ ಹುಟ್ಟುಹಬ್ಬಕ್ಕೆ ಒಂಬತ್ತು ದಿನ ಮೊದಲು. ದೊಡ್ಡ ಸಭಾಂಗಣ, ಅರವತ್ತು ಜನ. ಮಾವನ ಶರ್ಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಎಲ್ಲರೂ ಬಲಗೈ ಎತ್ತಿದರು, ಅವನೂ ಎತ್ತಿದ. ಕೆಲವರು ಅತ್ತರು, ಕೆಲವರು ಫೋಟೋ ತೆಗೆಸಿಕೊಂಡರು. ಪ್ರಜಾರಾಜ್ಯಕ್ಕೆ ಹೊಸದಾಗಿ ಸೇರಿದ ನಮ್ಮ ವೀರ ಗಡಿಯಾರ ನೋಡಿದ.

“ಎರಡು ಗಂಟೆ. ಅಂಗಡಿಗೆ ಹೋಗಿರ್ತೀನಿ. ಬೆಳಿಗ್ಗೇನೇ ನೀರು ಚಿಮುಕಿಸಿ ಇಟ್ಟಿದ್ದೀನಿ.”

“ನಾನೂ ಬರ್ತೀನಿ,” ಎಂದಳು ಮಗಳು.

ಯಜಮಾನಿ ಇಬ್ಬರಿಗೂ ಕೈಕುಲುಕಿ, “ಇವತ್ತಾದ್ರೂ ಮನೆಗೆ ಹೋಗೋ,” ಎಂದಳು. ಅವನು ಆಗಲೇ ಮೊದಲ ಶರ್ಟು ಹರಡಿದ್ದ. ಹದಿನಾಲ್ಕಿದ್ದವು. ಒಂದು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಾಗ ಮಗಳು ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತಳು.

ಮಾವ ನೋಡಲಿಲ್ಲ. ಕಾಲರು, ತೋಳು, ಬೆನ್ನು. ಇಸ್ತ್ರಿ ಆರುತ್ತ ಬಂತು. ಬೆರಳು ಅವನಿಗೆ ಹೇಳಲಿಲ್ಲ. ಮೂರನೆಯದು ಹೇಗೋ ಆಯಿತು. ನಾಲ್ಕನೆಯ ಶರ್ಟಿನ ಬೆನ್ನ ಮೇಲೆ ಒಂದು ಮಡಿಕೆ ಅಲ್ಲಾಡದೆ ನಿಂತಿತು. ಎಡದಿಂದ ಒತ್ತಿದ. ಬಲದಿಂದ ಒತ್ತಿದ. ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಒತ್ತಿದ.

“ಸುಕ್ಕು ಹೋಗ್ತಾ ಇಲ್ಲ,” ಎಂದ.

“ಗೊತ್ತು,” ಎಂದಳು ಮಗಳು. “ಬಿಡಪ್ಪಾ.”

“ಒದ್ದೆ ಬಿಟ್ರೆ ವಾಸನೆ…”

“ಹಿಡೀಲಿ.”

ಅವನು ಇಸ್ತ್ರಿಯನ್ನು ಅಲ್ಲೇ ಬಿಟ್ಟು ನಿಂತ. ಅಂಗೈಯನ್ನು ಅದರ ತಳಕ್ಕೆ ಇಟ್ಟು ನೋಡಿದ, ಏನೋ ನೆನಪು ಮಾಡಿಕೊಳ್ಳುವವನ ಹಾಗೆ. ಮಗಳು ಅವನ ಕೋಟು ತಂದು ಹೆಗಲ ಮೇಲೆ ಹಾಕಿದಳು.

ಇಬ್ಬರೂ ಬೀದಿ ತಿರುಗಿದ ಮೇಲೆ ಯಜಮಾನಿ ಹಾಜರಿ ಪುಸ್ತಕ ತೆರೆದು ಅಂಚಿನಲ್ಲಿ ಬರೆದಳು: ‘ಮೂರು ಗಂಟೆ. ಹನ್ನೊಂದು ಶರ್ಟು ಬಾಕಿ. ಮನೆಗೆ ಹೋದ.’