ಕೆರೆಯ ದಂಡೆಯ ಅವಲಕ್ಕಿ ಸರ

ಸದ್ದು ಎಡಗಿವಿಯಲ್ಲಿ ಮಾತ್ರ ಕೇಳಿಸಿತು. ನನ್ನ ಹೆಡ್‌ಫೋನಿನಲ್ಲಿ ಎರಡು ಕಿವಿಗೂ ಒಂದೇ ಸದ್ದು ಬರಬೇಕು. ಬಲಗಡೆಯದು ಕೆಟ್ಟಿರಬೇಕೆಂದು ಅದನ್ನು ತೆಗೆದು, ಎಡಬಲ ಬದಲಿಸಿ ಹಾಕಿಕೊಂಡೆ. ಆಗಲೂ ಸದ್ದು ಎಡಗಿವಿಯಲ್ಲೇ ಉಳಿಯಿತು.

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ತಿರುವಿಬಿಡುತ್ತಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ವಾರವೆಲ್ಲ ಅಲ್ಲೇ ಬಟವಾಡಿ ಬಡಾವಣೆಯ ಬಾಡಿಗೆ ಕೋಣೆ, ಭಾನುವಾರ ಗುಬ್ಬಿಯ ಮನೆ. ಹಾಸ್ಟೆಲಿನಲ್ಲಿದ್ದಾಗ ಯಾರಾದರೂ ದೆವ್ವದ ಕತೆ ತೆಗೆದರೆ, "ಆಗ ಕರೆಂಟ್ ಇತ್ತಾ? ನಿಂಗೆ ಜ್ವರ ಇತ್ತಾ?" ಎಂದು ಕೇಳಿ ಕತೆ ಕೆಡಿಸುತ್ತಿದ್ದೆ. ಈಗ ನನ್ನನ್ನೂ ಹಾಗೇ ಕೇಳಿ. ಜ್ವರ ಇರಲಿಲ್ಲ, ಇನ್ನೂ ಬೆಳಕಿತ್ತು. ಕಂಡದ್ದನ್ನು ಮಾತ್ರ ಕಾಣಲಿಲ್ಲ ಎಂದು ಹೇಳಲಾರೆ.

ನನ್ನ ಹತ್ತಿರ ಒಂದು ಮೆಟಲ್ ಡಿಟೆಕ್ಟರ್ ಇದೆ. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಂಥ ಸುರುಳಿ, ಸದ್ದು ಕೇಳಲು ಆ ಹೆಡ್‌ಫೋನು. ಸಮುದ್ರವಿರುವ ಊರುಗಳಲ್ಲಿ ಇಂಥದ್ದನ್ನು ಹಿಡಿದವರು ಮರಳಿನ ಮೇಲೆ ಓಡಾಡುತ್ತಾರೆ. ನಮಗಿರುವುದು ಕೆರೆ. ಗಣೇಶ ಬಿಟ್ಟು ಮುಗಿದ ಮೇಲೆ ದಂಡೆಯ ತುಂಬ ಮರದ ಚೌಕಟ್ಟು, ತಂತಿ, ಪ್ಲಾಸ್ಟಿಕ್ ಹೂವು ಬಿದ್ದಿರುತ್ತವೆ. ಜೆಸಿಬಿ ಬಂದು ಎಲ್ಲವನ್ನೂ ಕೆರೆದು ಟ್ರ್ಯಾಕ್ಟರಿಗೆ ತುಂಬುತ್ತದೆ. ಅದು ಹೋದ ಮೇಲೆ ನನ್ನ ಸರದಿ. ಹಗುರವಾದದ್ದು ಬಕೆಟಿನಲ್ಲಿ ಹೋಗುತ್ತದೆ, ಭಾರವಾದದ್ದು ಅಂಚಿನಿಂದ ಜಾರಿ ಗಾಡಿ ತಿರುಗುವ ಜಾಗದಲ್ಲಿ ಬೀಳುತ್ತದೆ. ಹಾಗೆ ಸಿಕ್ಕ ಕಾಲುಂಗುರ, ಗೆಜ್ಜೆ, ಬೀಗದ ಕೈಗಳನ್ನು ಕಳೆದುಕೊಂಡವರಿಗೆ ಹುಡುಕಿ ಕೊಟ್ಟಿದ್ದೇನೆ. ಊರಿನವರು ನಗುತ್ತಾರೆ, ನಗಲಿ.

ಆ ವರ್ಷದ ಗೌರಿ ಹಬ್ಬದಲ್ಲಿ ಅಮ್ಮ ತನ್ನ ಬಂಗಾರದ ಅವಲಕ್ಕಿ ಸರವನ್ನು ಮಣ್ಣಿನ ಗೌರಿಯ ಕೊರಳಿಗೆ ಹಾಕಿದ್ದಳು. ನಮ್ಮ ಕಡೆ ಇದು ರೂಢಿ. ಮನೆಮಗಳಾಗಿ ಬಂದ ಗೌರಿಯನ್ನು ಬರಿಗೊರಳಲ್ಲಿ ಕೂರಿಸುವುದಿಲ್ಲ. ಬಿಡುವ ದಿನ ಒಡವೆ ಬಿಚ್ಚಿಕೊಳ್ಳುವುದು ಸೊಸೆಯ ಕೆಲಸ. ಅಂದು ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ, ಸರ ಸೇವಂತಿಗೆಯ ಕೆಳಗೆ ಮುಚ್ಚಿಹೋಗಿತ್ತು, ಅತ್ತಿಗೆ ಮರೆತಳು. ಗೌರಿ ಸರದ ಸಮೇತ ನೀರಿಗೆ ಹೋದಳು. ಇಂಥ ಮರೆವು ಎಷ್ಟೋ ಮನೆಗಳಲ್ಲಿ ಆಗಿದೆ. ಆದರೆ ಅಮ್ಮ ಒಪ್ಪಲಿಲ್ಲ. ಕುಣಿಗಲ್ಲಿನಿಂದ ಅತ್ತಿಗೆಯ ತಮ್ಮ ಬಾಗಿನ ತಂದು ಗೌರಿ ಬಿಟ್ಟ ದಿನವೇ ಹಿಂದಿರುಗಿದ್ದ.

"ಬಾಗಿನ ಕೊಡೋಕ್ ಬಂದೋರು ಬರಿಗೈಲಿ ಹೋಗ್ತಾರಾ?" ಎಂದಳು ಅಮ್ಮ, ಅತ್ತಿಗೆಗೆ ಕೇಳುವ ಹಾಗೆ. ಅತ್ತಿಗೆ ಸರವನ್ನು ತಮ್ಮನ ಕೈಯಲ್ಲಿ ತವರಿಗೆ ಸಾಗಿಸಿದ್ದಾಳೆ ಎಂದು ಅದರ ಅರ್ಥ.

ಅಣ್ಣ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಪಾಳಿಯ ನೆಪ ಹೇಳಿ ಹೊರಟುಹೋದ. ದೊಡ್ಡಪ್ಪ ತೀರ್ಪು ಕೊಟ್ಟರು: ಸೋಮವಾರ ಬೆಳಿಗ್ಗೆ ಊರದೇವತೆಯ ಗುಡಿಯಲ್ಲಿ ಅತ್ತಿಗೆ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಬೇಕು. ಆಣೆ ಮಾಡಿದ ಸೊಸೆ ಎಂಬ ಹೆಸರು ಒಮ್ಮೆ ಬಂದರೆ ಅದು ಸಾಯುವವರೆಗೂ ಹೋಗುವುದಿಲ್ಲ.

ಭಾನುವಾರ ಮಧ್ಯಾಹ್ನ ಅತ್ತಿಗೆಯನ್ನೂ ಕರೆದುಕೊಂಡು ಕೆರೆಗೆ ಹೋದೆ. ದಂಡೆಯನ್ನು ಆಗಲೇ ಕೆರೆದು ಚೊಕ್ಕ ಮಾಡಿದ್ದರು. ಜೆಸಿಬಿಯವನು ನೆರಳಲ್ಲಿ ಕೂತು ಊಟ ಮಾಡುತ್ತಿದ್ದ.

"ಏನ್ ಮೇಡಂ, ನೆಲಕ್ಕೆ ಇಸ್ತ್ರಿ ಹಾಕ್ತಿದೀರಾ? ನಾವ್ ಹೊಡ್ದ್ ಮೇಲೆ ಅಲ್ಲಿ ಸೂಜಿನೂ ಇರಲ್ಲ ಬುಡಿ."

"ಸೂಜಿ ಬೇಡ ನಂಗೆ. ನಿಮ್ ಗಾಡಿ ಎಲ್ಲೆಲ್ಲಿ ತಿರುಗ್ತು ಅಂತ ತೋರ್ಸಿ, ಸಾಕು."

ತೋರಿಸಿದ. ಅವನು ತೋರಿಸಿದ ಕಡೆಯೆಲ್ಲ ಹುಡುಕಿದೆ. ಗೌರಿಯನ್ನು ಬಿಟ್ಟ ಮೆಟ್ಟಿಲ ಬಳಿ, ಕಸದ ರಾಶಿಯ ಸುತ್ತ, ಚಕ್ರದ ಗುರುತಿನುದ್ದಕ್ಕೂ ನೋಡಿದೆ. ಕಬ್ಬಿಣಕ್ಕೆ ನನ್ನ ಯಂತ್ರ ಗೊಗ್ಗರು ದನಿಯಲ್ಲಿ ಕೂಗುತ್ತದೆ, ಚಿನ್ನಕ್ಕೆ ಮೃದುವಾದ ದನಿ. ಸಂಜೆಯವರೆಗೂ ಗೊಗ್ಗರು ದನಿಯೇ. ತಂತಿಯ ಚೂರು, ಮೊಳೆ, ಬಾಟಲಿ ಮುಚ್ಚಳ.

"ಬುಡು ಕಣೇ," ಎಂದಳು ಅತ್ತಿಗೆ ಮೆಟ್ಟಿಲ ಮೇಲಿಂದ. "ಆಣೆ ತಾನೆ, ಮಾಡ್ಬಿಡ್ತೀನಿ. ನಾಲಿಗೆ ಏನ್ ಸವೆದೋಗಲ್ಲ."

"ನಾಲಿಗೆ ಸವೆಯಲ್ಲ. ನಾಳೆಯಿಂದ ಆ ಮನೇಲಿ ಒಂದು ಚಮಚ ಕಳೆದ್ರೂ ಎಲ್ರೂ ನಿನ್ ಮುಖಾನೇ ನೋಡ್ತಾರೆ."

ಎಡಗಿವಿಯಲ್ಲಿ ಸದ್ದು ಬಂದದ್ದು ಆಗ. ಮೃದುವಾದ, ಒಂದೇ ಸಮನಾದ ದನಿ. ಯಂತ್ರ ಆರಿಸಿ ಮತ್ತೆ ಹಾಕಿದೆ, ಸುರುಳಿಯನ್ನು ನೆಲದಿಂದ ಸೊಂಟದೆತ್ತರಕ್ಕೆ ಎತ್ತಿದೆ. ಒಂದು ಗೇಣಿಗಿಂತ ಆಚೆ ಇರುವ ಸರ ಅದಕ್ಕೆ ತಿಳಿಯುವುದಿಲ್ಲ, ಆದರೂ ದನಿ ನಿಲ್ಲಲಿಲ್ಲ. ಎಡಕ್ಕೆ ತಿರುಗಿದರೆ ಅದು ಗಟ್ಟಿಯಾಗುತ್ತಿತ್ತು, ಬಲಕ್ಕೆ ತಿರುಗಿದರೆ ಕ್ಷೀಣಿಸುತ್ತಿತ್ತು. ಕರೆದ ಕಡೆಗೆ ನಡೆದೆ. ಈ ಮಾತು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬೇರೆ ಮಾತು ಸರಿಹೋಗುವುದಿಲ್ಲ. ಅತ್ತಿಗೆಯೂ ಮೆಟ್ಟಿಲು ಬಿಟ್ಟು ನನ್ನ ಹಿಂದೆ ಬಂದಳು. ಕೆರೆದ ದಂಡೆ ಮುಗಿಯಿತು. ಜೆಸಿಬಿ ಎಂದೂ ಹತ್ತದ ಏರಿಯ ಇಳಿಜಾರಿನಲ್ಲಿ, ಒಂದು ಎಕ್ಕದ ಗಿಡದ ಪಕ್ಕ, ದನಿ ಎರಡೂ ಕಿವಿಗೆ ಬಂತು.

ಗರಿಕೆ ಚಾಪೆಯಂತೆ ಹೆಣೆದುಕೊಂಡಿತ್ತು. ಯಾರೂ ಅಗೆದ ಗುರುತಿರಲಿಲ್ಲ. ಇದನ್ನು ಮಂಡಿಯೂರಿ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಅಗೆಯಲು ಕರಣೆ ಹಾಕಿದೆ. ಕೆಳಗೆ ಗಟ್ಟಿಮಣ್ಣು. ಅದರೊಳಗೆ ಬೆರಳು ಗಾತ್ರದ ಎಕ್ಕದ ಬೇರು ಅಡ್ಡಲಾಗಿ ಹಾದುಹೋಗಿತ್ತು. ಆ ಬೇರನ್ನು ಸುತ್ತಿಕೊಂಡು ಅಮ್ಮನ ಸರ ಇತ್ತು. ಕೊಂಡಿ ಹಾಕಿತ್ತು. ಕೊಂಡಿ ಸಡಿಲವೆಂದು ಅಮ್ಮ ಹಬ್ಬದ ದಿನ ಅದರ ಮೇಲೆ ಅರಿಶಿನದ ದಾರ ಸುತ್ತಿದ್ದಳು. ಆ ದಾರವೂ ಹಾಗೆಯೇ ಇತ್ತು. ಕೆರೆಗೆ ಬಿದ್ದದ್ದು ನೆನೆದಿರಲಿಲ್ಲ, ಬಣ್ಣ ಬಿಟ್ಟಿರಲಿಲ್ಲ. ದಾರವನ್ನಾಗಲಿ ಬೇರನ್ನಾಗಲಿ ಕತ್ತರಿಸದೆ ಸರ ಈಚೆಗೆ ಬರುವಂತಿರಲಿಲ್ಲ.

ನೀವು ಈಗ ಏನು ಯೋಚಿಸುತ್ತಿದ್ದೀರೋ ಅದನ್ನೇ ನಾನೂ ಯೋಚಿಸಿದೆ. ತಲೆಯೆತ್ತಿ ಅತ್ತಿಗೆಯ ಕೈ ನೋಡಿದೆ. ಅವಳಿಗೆ ಅದು ತಿಳಿಯಿತು.

"ನೀನೂನಾ?" ಎಂದಳು.

ನಾನು ಸುತ್ತಲ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದೆ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಪುಡಿಯಾಗುತ್ತದೆ. ಇದು ಹೆಂಟೆಯಾಗಿ ಎದ್ದಿತು. ಹಬ್ಬ ಕಳೆದು ಎರಡು ವಾರವೂ ಆಗಿರಲಿಲ್ಲ, ಅಷ್ಟರಲ್ಲಿ ಅಗೆದ ಮಣ್ಣು ಹೀಗೆ ಬಿಗಿಯುವುದಿಲ್ಲ.

"ನಾನಲ್ಲ," ಎಂದೆ. "ನಿನ್ ಕೈ ನೋಡಿದ್ದು ನನ್ ತಪ್ಪು."

ಅತ್ತಿಗೆ ಕೂತುಬಿಟ್ಟಳು. "ಇಲ್ಲಿ ಸಿಕ್ತು ಅಂದ್ರೆ ನಾನೇ ಹೂತಿಟ್ಟಿದ್ದೆ ಅಂತಾರೆ ಕಣೇ. ಕಿತ್ಕೊಂಡ್ ಬಾ. ಜೆಸಿಬಿ ರಾಶೀಲಿ ಸಿಕ್ತು ಅನ್ನು, ಮುಗೀತು."

ಅದು ಸುಲಭವಿತ್ತು. ಆದರೆ ತಪ್ಪೇ ಮಾಡದವಳನ್ನು ಉಳಿಸಲು ನಾನೇಕೆ ಸುಳ್ಳು ಹೇಳಬೇಕು? ಸರವನ್ನು ಮುಟ್ಟದೆ ಹೆಂಟೆಗಳನ್ನು ಮೇಲೆ ಜೋಡಿಸಿ, ಒಂದು ಚಪ್ಪಡಿ ಕಲ್ಲು ಎಳೆದು ಮುಚ್ಚಿದೆ.

"ಬಂಗಾರಾನ ಮಣ್ಣಲ್ಲಿ ಬಿಟ್ ಬರ್ತೀಯಾ? ಹುಚ್ ಹಿಡೀತೇನೇ ನಿಂಗೆ?"

"ಇದ್ದ ಹಾಗೇ ಅಮ್ಮ ನೋಡ್ಬೇಕು."

ಇದಾಗಿ ವರ್ಷಗಳು ಕಳೆದಿವೆ. ಗೌರಿಯೇ ಸೊಸೆಯ ಮಾನ ಕಾಯ್ದಳು ಎನ್ನುವವರು ಗುಬ್ಬಿಯಲ್ಲಿದ್ದಾರೆ. ಸೊಸೆ ಜಾಣೆ ಎಂದು ಕಣ್ಣು ಮಿಟುಕಿಸುವವರೂ ಇದ್ದಾರೆ. ಕಾಲೇಜಿನ ಸಹೋದ್ಯೋಗಿಯೊಬ್ಬರು ಹೆಡ್‌ಫೋನಿನ ಬೆಸುಗೆ ಬಿಟ್ಟಿರಬೇಕು ಎಂದರು. ಬಿಚ್ಚಿ ನೋಡಿದೆ, ಬಿಟ್ಟಿರಲಿಲ್ಲ. ಬಿಟ್ಟಿದ್ದರೂ ಅದು ಬೇರಿಗೆ ಉತ್ತರವಲ್ಲ. ದೇವರು ಎಂದು ಒಪ್ಪಿಕೊಂಡರೆ ಪ್ರಶ್ನೆ ಮುಚ್ಚಿಹೋಗುತ್ತದೆ, ಕಾಕತಾಳೀಯ ಎಂದರೂ ಮುಚ್ಚಿಹೋಗುತ್ತದೆ. ಎರಡಕ್ಕೂ ನಾನು ಸಿದ್ಧಳಿಲ್ಲ. ನನಗೆ ಗೊತ್ತಿಲ್ಲ. ಇಷ್ಟನ್ನು ತಲೆ ತಗ್ಗಿಸದೆ ಹೇಳುತ್ತೇನೆ.

ಸರ ಸಿಕ್ಕ ಮರುದಿನ, ಸೋಮವಾರ ಬೆಳಿಗ್ಗೆ, ಗುಡಿಗೆ ಹೊರಟಿದ್ದ ಅಮ್ಮನನ್ನು ಕೆರೆ ಏರಿಗೆ ಕರೆದುಕೊಂಡು ಹೋದೆ. ಅತ್ತಿಗೆ ಹಿಂದೆ ಬಂದಳು. ಕಲ್ಲು ಸರಿಸಿ, ಹೆಂಟೆ ತೆಗೆದೆ. ಅಮ್ಮ ರೇಷ್ಮೆ ಸೀರೆಯಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಸರವನ್ನು ಎಳೆದಳು, ಬೇರು ಬಿಡಲಿಲ್ಲ. ಕೊಂಡಿ ಹುಡುಕಿದಳು. ಅವಳ ಕೈ ನಿಂತಿತು.

"ಇದು ನಾನ್ ಹಾಕಿದ್ ಗಂಟು," ಎಂದಳು.

"ಹೌದು. ಅದನ್ನ ಬಿಚ್ಚದೆ ಅತ್ತಿಗೆ ಬೇರೊಳಗೆ ಹೆಂಗ್ ಹಾಕಿದ್ಲು ಹೇಳು. ಹೇಳಿದ್ರೆ ನಾನೇ ಗುಡಿಗೆ ಕರ್ಕೊಂಡ್ ಹೋಗ್ತೀನಿ."

ಅಮ್ಮ ಬೇರು ಕತ್ತರಿಸಲು ಕರಣೆಗೆ ಕೈ ಚಾಚಿದಳು. ನಾನು ಚಪ್ಪಲಿ ಕಳಚಿ, ಬರಿಗಾಲನ್ನು ಆ ಗುಂಡಿಯೊಳಗೆ ಇಟ್ಟೆ.

"ಸರ ಆಮೇಲೆ. ಮೊದ್ಲು ಅತ್ತಿಗೆಗೆ ಅಂದ ಮಾತು ವಾಪಸ್ ತಗೋ."

"ಬಂಗಾರದ್ ಮೇಲೆ ಕಾಲಿಡ್ತೀಯೇನ್ಲೇ? ಲಕ್ಷ್ಮಿ ಕಣೇ ಅದು!"

"ಇಡ್ತೀನಿ."

"ಬುಡೇ, ಸಾಕು," ಎಂದಳು ಅತ್ತಿಗೆ, ಅಳುತ್ತ. ನಾನು ಅವಳ ಕಡೆ ತಿರುಗಲಿಲ್ಲ. ಮಣ್ಣು ತಣ್ಣಗಿತ್ತು, ಸರದ ಮಣಿಗಳು ಅಂಗಾಲಿಗೆ ಒತ್ತುತ್ತಿದ್ದವು. ಅಮ್ಮ ಸೊಸೆಯ ಕಡೆ ಮುಖ ತಿರುಗಿಸಿ, ಆ ಮಾತನ್ನು ವಾಪಸ್ ತಗೊಂಡೆ ಎಂದು ಬಾಯಿಬಿಟ್ಟು ಹೇಳುವವರೆಗೆ ನಾನು ಕಾಲು ತೆಗೆಯಲಿಲ್ಲ.